ಅಡಿಕೆ ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ: ಅಡಮಾನವಿಲ್ಲದ ಸಾಲಗಳನ್ನು ಒಂದೇ ಪ್ಲಾನಿನಲ್ಲಿ ತೀರಿಸುವುದು ಹೇಗೆ?

ಒಂದು ಕಂತು ಕಟ್ಟೋಕೆ ಇನ್ನೊಂದು ಕಡೆ ಸಾಲ ತರುವುದಕ್ಕೆ ನಮ್ಮ ಕಡೆ ‘ರೊಟೇಷನ್’ ಅನ್ನುತ್ತಾರೆ. ಸಂಘದ ಕಂತಿಗೆ ಕಾರ್ಡು ಉಜ್ಜುವುದು. ಕಾರ್ಡಿನ ಬಿಲ್ಲಿಗೆ ಮೊಬೈಲ್ ಆ್ಯಪಿನಲ್ಲಿ ಸಾಲ ಎತ್ತುವುದು. ಆ್ಯಪಿನವರು ದಿನಕ್ಕೆ ಹತ್ತು ಸಲ ಫೋನು ಮಾಡತೊಡಗಿದಾಗ ಭಾವನ ಹತ್ತಿರ ಕೈಸಾಲ ಕೇಳುವುದು. ಕೊನೆ ಕೊಯ್ಲು ಮುಗಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಧೈರ್ಯದಲ್ಲಿ ವರ್ಷ ತಳ್ಳುತ್ತೇವೆ. ಕೊಳೆರೋಗವೋ ಎಲೆಚುಕ್ಕೆಯೋ ಬಂದು ಫಸಲು ಅರ್ಧವಾದ ವರ್ಷ ಆ ಧೈರ್ಯವೂ ಹೋಗುತ್ತದೆ.

2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿ ಕಾಟದ ಸುದ್ದಿ ರಾಜ್ಯದ ಹಲವು ಕಡೆಯಿಂದ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಅಂತ ಅದರಲ್ಲಿತ್ತು. ‘ಇನ್ನು ಸಾಲ ಕಟ್ಟಬೇಕಾಗಿಲ್ಲವಂತೆ’ ಅಂದುಕೊಂಡವರೂ ಇದ್ದಾರೆ. ಅದು ತಪ್ಪು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು, ಫೈನಾನ್ಸ್ ಕಂಪನಿಗಳ ಸಾಲ ಇದರಿಂದ ಮನ್ನಾ ಆಗಿಲ್ಲ. ಕಾಟ ಕೊಡಬೇಡಿ ಅಂದಿದ್ದಾರೆ, ಕಟ್ಟಬೇಡಿ ಅಂದಿಲ್ಲ.

ಹಾಗಾದರೆ ಕಟ್ಟುವ ಮನಸ್ಸಿದ್ದೂ ಕೇಳಿದಷ್ಟು ಕೈಯಲ್ಲಿ ಇಲ್ಲದವರು ಏನು ಮಾಡಬೇಕು? ಹೊರದೇಶಗಳಲ್ಲಿ ಇದಕ್ಕೆ ‘ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್’ ಅಂತ ಒಂದು ದಾರಿ ಇದೆ. ಕನ್ನಡದಲ್ಲಿ ಸಾಲ ನಿರ್ವಹಣಾ ಯೋಜನೆ ಅನ್ನಬಹುದು. ನಾವು ಸುಮ್ನೆ ‘ಪ್ಲಾನ್’ ಅನ್ನೋಣ. ಅದು ಏನು, ನಮ್ಮಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ, ಮಲೆನಾಡಿನ ಮನೆಗೆ ಅದನ್ನು ಹೇಗೆ ಹೊಂದಿಸಿಕೊಳ್ಳಬೇಕು ಅನ್ನುವುದೇ ಈ ಲೇಖನ.

ಅಡಮಾನ ಇರುವ ಸಾಲ, ಇಲ್ಲದ ಸಾಲ

ಚಿನ್ನ ಇಟ್ಟು ತಂದ ಸಾಲ, ಮನೆ ಪತ್ರ ಕೊಟ್ಟು ತಂದ ಸಾಲ, ಗಾಡಿ ಸಾಲ, ಸೊಸೈಟಿಯಲ್ಲಿ ಅಡಿಕೆ ಚೀಲ ಇಟ್ಟು ತಂದ ಸಾಲ. ಇವೆಲ್ಲ ಅಡಮಾನದ ಸಾಲಗಳು. ಕಟ್ಟದಿದ್ದರೆ ಕೊಟ್ಟವರು ಆ ವಸ್ತುವನ್ನು ಮಾರಿಕೊಳ್ಳಬಹುದು.

ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿ, ಮೈಕ್ರೋಫೈನಾನ್ಸಿನ ಸಂಘದ ಸಾಲ, ಆ್ಯಪ್ ಸಾಲ, ಕೈಸಾಲ. ಇವುಗಳ ಹಿಂದೆ ಯಾವ ವಸ್ತುವೂ ಇಲ್ಲ. ಇರುವುದು ನಿಮ್ಮ ಸಹಿ ಮತ್ತು ಮಾತು. ಅದಕ್ಕೇ ಬಡ್ಡಿ ಜಾಸ್ತಿ, ಫೋನು ಕರೆಯೂ ಜಾಸ್ತಿ. ಮುಟ್ಟುಗೋಲಿಗೆ ವಸ್ತುವಿಲ್ಲದ್ದರಿಂದ ಒತ್ತಡ ಹಾಕುವುದೇ ಅವರ ಕೈಯಲ್ಲಿರುವ ಮೊದಲ ಉಪಾಯ. ಪ್ಲಾನ್ ಅನ್ವಯಿಸುವುದು ಈ ಎರಡನೇ ಗುಂಪಿಗೆ ಮಾತ್ರ. ಚಿನ್ನದ ಸಾಲದ ಬಡ್ಡಿಯನ್ನು ಮನೆ ಖರ್ಚಿನ ಜೊತೆ ಮೊದಲೇ ಎತ್ತಿಡಬೇಕು, ಇಲ್ಲದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ.

ಬೆಳೆ ಸಾಲದ ವಿಷಯ ಬೇರೆ. ಕಿಸಾನ್ ಕ್ರೆಡಿಟ್ ಕಾರ್ಡಿನಡಿ 2025ರ ಜನವರಿಯಿಂದ 2 ಲಕ್ಷ ರೂ.ವರೆಗೆ ಅಡಮಾನ ಕೇಳುವಂತಿಲ್ಲ. ಆದರೂ ಅದನ್ನು ಪ್ಲಾನಿಗೆ ಸೇರಿಸಬೇಡಿ. ಗಡುವಿನೊಳಗೆ ತಿರುವಿದವರಿಗೆ ಮಾತ್ರ ಬಡ್ಡಿ ರಿಯಾಯಿತಿ ಪೂರ್ತಿ ಸಿಗುತ್ತದೆ. ಸಹಕಾರ ಸಂಘದ ಶೂನ್ಯ ಬಡ್ಡಿಯೂ ಹಾಗೆಯೇ. ಅಗ್ಗದ ಸಾಲವನ್ನು ಸುಸ್ತಿ ಮಾಡಿ ದುಬಾರಿ ಸಾಲಕ್ಕೆ ಸುರಿದರೆ ಎರಡೂ ಕಡೆ ನಷ್ಟ.

ಕಾಲುವೆ ನೀರಿನ ಲೆಕ್ಕ

ಭದ್ರಾ ಕಾಲುವೆಯ ಕೊನೆ ಭಾಗದ ರೈತರನ್ನು ಕೇಳಿ ನೋಡಿ. ನೀರು ಕಡಿಮೆ ಇದ್ದಾಗ ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರ ಗದ್ದೆ ಒಣಗುತ್ತದೆ. ಅದಕ್ಕೇ ಸರದಿ ಹಾಕುತ್ತಾರೆ, ಯಾರಿಗೆ ಎಷ್ಟು ಅಂತ ಲೆಕ್ಕ ಕಟ್ಟುತ್ತಾರೆ.

ಸಾಲದಲ್ಲೂ ನಡೆಯುವುದು ಇದೇ. ಕೈಯಲ್ಲಿರುವ ದುಡ್ಡು ಕಡಿಮೆ, ಕೇಳುವವರು ಐದು ಜನ. ಲೆಕ್ಕವಿಲ್ಲದಿದ್ದರೆ ಜೋರಾಗಿ ಕೂಗುವವನಿಗೆ ನೀರು ಹೋಗುತ್ತದೆ. ಪ್ಲಾನ್ ಮಾಡುವುದು ಇಷ್ಟು. ಮನೆ ನಡೆಸಲು ಬೇಕಾದ್ದನ್ನು ಮೊದಲು ತೆಗೆದಿಡುವುದು. ಉಳಿದದ್ದನ್ನು ಎಲ್ಲ ಸಾಲಗಾರರಿಗೂ ಬಾಕಿಯ ಪ್ರಮಾಣದಲ್ಲಿ ಹಂಚುವುದು. ಅವರ ಜೊತೆ ಮಾತಾಡಿ ಬಡ್ಡಿ ಇಳಿಸಿಕೊಳ್ಳುವುದು. ಸಾಲ ಪೂರ್ತಿ ತೀರುವವರೆಗೆ ಇದೇ ಲೆಕ್ಕ.

(‘ಸಾಲಗಾರ’ ಅಂದರೆ ಕೊಟ್ಟವರೋ ತಗೊಂಡವರೋ ಅನ್ನುವ ಗೊಂದಲ ನಮ್ಮ ಭಾಷೆಯಲ್ಲಿ ಹಳೆಯದು. ಇಲ್ಲಿ ಕೊಟ್ಟವರು ಅಂತಲೇ ಓದಿಕೊಳ್ಳಿ.)

ಬ್ರಿಟನ್ನಿನಲ್ಲಿ ಸ್ಟೆಪ್‌ಚೇಂಜ್‌ನಂಥ ದತ್ತಿ ಸಂಸ್ಥೆಗಳು ಈ ಪ್ಲಾನನ್ನು ಉಚಿತವಾಗಿ ಮಾಡಿಕೊಡುತ್ತವೆ. ನೀವು ತಿಂಗಳಿಗೆ ಒಂದೇ ಮೊತ್ತ ಅವರಿಗೆ ಕೊಟ್ಟರೆ ಸಾಕು, ಅವರೇ ಹಂಚುತ್ತಾರೆ. ಅದು ಕೋರ್ಟಿನ ಆದೇಶವಲ್ಲ, ಬರೀ ಒಪ್ಪಂದ. ಬಡ್ಡಿ ನಿಲ್ಲಿಸಲೇಬೇಕು ಅಂತ ಕೊಟ್ಟವರಿಗೆ ಕಟ್ಟುಪಾಡಿಲ್ಲ, ಆದರೂ ಹಲವರು ಒಪ್ಪುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2021ರ ಮೇ ತಿಂಗಳಿಂದ ಇನ್ನೊಂದು ಅನುಕೂಲವಿದೆ. ಸಲಹೆಗಾರರ ಮೂಲಕ ಅರ್ಜಿ ಹಾಕಿದರೆ 60 ದಿನ ವಸೂಲಿಯನ್ನೂ ಹೆಚ್ಚಿನ ಬಡ್ಡಿಯನ್ನೂ ತಡೆಹಿಡಿಯುತ್ತಾರೆ. ಅಮೆರಿಕದಲ್ಲಿ ಲಾಭಕ್ಕಲ್ಲದ ಸಲಹಾ ಸಂಸ್ಥೆಗಳು ಇದೇ ಕೆಲಸ ಮಾಡುತ್ತವೆ, ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಪ್ಲಾನು.

ನಮ್ಮಲ್ಲಿ ಈ ಹೆಸರಿನ ಕಾನೂನುಬದ್ಧ ಯೋಜನೆ ಇಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಅಂತ ಒಂದು ಭಾಗವೇ ಇದೆ. ಆದರೆ ಜಾರಿಗೆ ಬಂದಿರುವುದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹಾಗಾಗಿ ಇಲ್ಲಿ ಪ್ಲಾನನ್ನು ನಾವೇ ಕಟ್ಟಬೇಕು, ಒಬ್ಬೊಬ್ಬರ ಹತ್ತಿರವೂ ನಾವೇ ಹೋಗಿ ಮಾತಾಡಬೇಕು.

ಒಂದು ಮನೆಯ ಲೆಕ್ಕ

ತೀರ್ಥಹಳ್ಳಿ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ಒಂದೂವರೆ ಎಕರೆ ತೋಟ. ಗಂಡನಿಗೆ ಪೇಟೆಯ ಅಂಗಡಿಯಲ್ಲಿ ತಿಂಗಳಿಗೆ 18,000 ರೂ. ಸಂಬಳ. ಹೆಂಡತಿಗೆ ಹೊಲಿಗೆಯಿಂದ 4,000. ಒಟ್ಟು 22,000. ಲೆಕ್ಕ ನನ್ನ ಕಲ್ಪನೆಯದು, ಆದರೆ ಇಂಥ ಮನೆಗಳು ನಿಮಗೂ ಗೊತ್ತಿರುತ್ತವೆ.

ಸಾಲ ಹೀಗಿದೆ. ಪರ್ಸನಲ್ ಲೋನ್ ಬಾಕಿ 1,50,000, ಕಂತು 6,500. ಕಾರ್ಡ್ ಬಾಕಿ 60,000, ಕನಿಷ್ಠ ಪಾವತಿ 3,000. ಸಂಘದ ಸಾಲ 40,000, ಕಂತು 2,600. ಆ್ಯಪ್ ಸಾಲ 20,000, ಕಂತು 4,000. ಭಾವನ ಕೈಸಾಲ 30,000, ಅದಕ್ಕೆ ಬಡ್ಡಿಯೂ ಇಲ್ಲ, ಕಂತೂ ಇಲ್ಲ, ಹಬ್ಬಕ್ಕೆ ಹೋದಾಗ ಮುಖ ನೋಡೋಕೆ ಕಷ್ಟ ಅಷ್ಟೆ. ಒಟ್ಟು ಸಾಲ 3 ಲಕ್ಷ. ತಿಂಗಳಿಗೆ ಕಟ್ಟಬೇಕಾದ್ದು 16,100.

ಈಗ ಮನೆ ಖರ್ಚು. ದಿನಸಿ, ಗ್ಯಾಸು, ಕರೆಂಟು, ಮಗಳ ಶಾಲೆ ಬಸ್ಸು, ಅಜ್ಜಿಯ ಬಿಪಿ ಮಾತ್ರೆ, ಪೆಟ್ರೋಲು ಸೇರಿ 13,500. ಚಿನ್ನದ ಸಾಲದ ಬಡ್ಡಿ 700. ಆಪತ್ತಿಗೆ ಅಂತ 800. ಹೋಗಿ ಉಳಿಯುವುದು 7,000.

ಕೇಳುವುದು 16,100, ಇರುವುದು 7,000. ರೊಟೇಷನ್ ಹುಟ್ಟುವುದು ಈ 9,100ರ ಅಂತರದಲ್ಲಿ.

ಪ್ಲಾನ್ ಪ್ರಕಾರ 7,000ವನ್ನು ಬಾಕಿಯ ಪ್ರಮಾಣದಲ್ಲಿ ಹಂಚೋಣ. ಪರ್ಸನಲ್ ಲೋನ್ ಒಟ್ಟು ಸಾಲದ ಅರ್ಧ, ಅದಕ್ಕೆ 3,500. ಕಾರ್ಡಿಗೆ 1,400. ಸಂಘಕ್ಕೆ 933. ಭಾವನಿಗೆ 700. ಆ್ಯಪಿಗೆ 467. ಬಡ್ಡಿ ಪೂರ್ತಿ ನಿಂತರೆ 43 ತಿಂಗಳಲ್ಲಿ ಸಾಲ ಮುಗಿಯುತ್ತದೆ.

ಖರ್ಚು ಬರೆಯುವಾಗ ಒಂದು ಮಾತು. ನಾಚಿಕೆಯಿಂದಲೋ ಹುಮ್ಮಸ್ಸಿನಿಂದಲೋ ಜನ ಖರ್ಚನ್ನು ಕಡಿಮೆ ಬರೆಯುತ್ತಾರೆ. ಮದುವೆ ಮುಯ್ಯಿ, ಜ್ವರ, ಗಾಡಿ ಪಂಕ್ಚರ್ ಯಾವುದೂ ಪಟ್ಟಿಯಲ್ಲಿ ಇರುವುದಿಲ್ಲ. ಎರಡನೇ ತಿಂಗಳಿಗೇ ಪ್ಲಾನು ಮುರಿಯುತ್ತದೆ. ಆಪತ್ತಿನ 800 ರೂ. ಸೋಮಾರಿತನದ ದುಡ್ಡಲ್ಲ. ಪ್ಲಾನನ್ನು ನಿಲ್ಲಿಸಿ ಹಿಡಿದಿರುವ ಗೂಟ ಅದು.

ಆದರೆ ಬಡ್ಡಿ ನಿಲ್ಲಬೇಕಲ್ಲ

ಇಡೀ ವಿಷಯದ ಗಂಟು ಇರುವುದು ಇಲ್ಲಿ. ಬಡ್ಡಿ ಇಳಿಯದಿದ್ದರೆ ಹಂಚಿಕೆ ಎಷ್ಟು ನ್ಯಾಯವಾಗಿದ್ದರೂ ಸಾಲ ಕರಗುವುದಿಲ್ಲ.

ಕಾರ್ಡನ್ನೇ ನೋಡಿ. ತಿಂಗಳಿಗೆ ಶೇ. 3.5 ಬಡ್ಡಿ ಅಂದರೆ 60,000ಕ್ಕೆ 2,100 ರೂ. ಅದರ ಮೇಲೆ ಶೇ. 18 ಜಿಎಸ್‌ಟಿ, 378. ಒಟ್ಟು 2,478. ನಮ್ಮ ಮನೆಯವರು ಇಷ್ಟು ದಿನ ಕಟ್ಟುತ್ತಿದ್ದ 3,000ದಲ್ಲಿ ಅಸಲಿಗೆ ಹೋಗುತ್ತಿದ್ದದ್ದು 522 ರೂ. ಮಾತ್ರ. ಈಗ ಪ್ಲಾನ್ ಪ್ರಕಾರ 1,400 ಕಟ್ಟಿದರೆ ಬಡ್ಡಿಯೂ ತೀರುವುದಿಲ್ಲ. ತಿಂಗಳಿಗೆ ಸಾವಿರ ರೂ. ಮೇಲೆ ಸಾಲ ಬೆಳೆಯುತ್ತದೆ, ತಡ ಪಾವತಿಯ ಶುಲ್ಕ ಬೇರೆ. ಊರಲ್ಲಿ ‘ನೂರಕ್ಕೆ ಮೂರು’ ಬಡ್ಡಿ ಅಂದರೆ ಹೌಹಾರುತ್ತೇವೆ. ಕಾರ್ಡಿನದು ನೂರಕ್ಕೆ ಮೂರೂವರೆ, ಮೇಲೆ ತೆರಿಗೆ. ಬಿಲ್ಲು ನುಣುಪು ಕಾಗದದಲ್ಲಿ ಬರುತ್ತದೆ ಅನ್ನುವುದಷ್ಟೇ ವ್ಯತ್ಯಾಸ.

ಉಳಿದವಕ್ಕೂ ಬಡ್ಡಿ ಹಾಕೋಣ. ಪರ್ಸನಲ್ ಲೋನಿಗೆ ವರ್ಷಕ್ಕೆ ಶೇ. 16, ಸಂಘಕ್ಕೆ 24, ಆ್ಯಪಿಗೆ 36 ಅಂತಿಟ್ಟುಕೊಂಡರೆ ತಿಂಗಳಿಗೆ 2,000, 800, 600. ಕಾರ್ಡಿನದು ಸೇರಿ 5,878. ಅಂದರೆ ಕಟ್ಟುವ 7,000ದಲ್ಲಿ ಅಸಲು ಇಳಿಯುವುದು 1,122 ರೂ. ಮೂರು ಲಕ್ಷದ ಎದುರು ಇದು ಸಮುದ್ರಕ್ಕೆ ಉಪ್ಪು ಹಾಕಿದ ಹಾಗೆ.

ಹಾಗಾಗಿ ಬ್ಯಾಂಕಿಗೆ ಹೋಗಿ ‘ಕಂತು ಕಡಿಮೆ ಮಾಡಿ’ ಅಂತಷ್ಟೇ ಕೇಳಿದರೆ ಸಾಲದು. ಬಡ್ಡಿ ದರ ಏನಾಗುತ್ತದೆ ಅಂತಲೇ ಕೇಳಬೇಕು. ಕಾರ್ಡಿನವರು ಎಷ್ಟೋ ಸಲ ಬಾಕಿಯನ್ನು ಕಂತುಗಳಾಗಿ ಬದಲಿಸಿಕೊಡುತ್ತಾರೆ. ಆಗ ಬಡ್ಡಿ ಇಳಿಯುತ್ತದೆ. 60,000ವನ್ನು ವರ್ಷಕ್ಕೆ ಶೇ. 18ರಂತೆ ಮೂರು ವರ್ಷಕ್ಕೆ ಹಾಕಿದರೆ ಕಂತು ಸುಮಾರು 2,170 ರೂ., ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. 3,000 ಕಟ್ಟಿಯೂ ಮುಗಿಯದಿದ್ದದ್ದು ಈಗ ಅದಕ್ಕಿಂತ ಕಡಿಮೆ ಕಟ್ಟಿ ಮೂರು ವರ್ಷದಲ್ಲಿ ಮುಗಿಯುತ್ತದೆ. ಕಾರ್ಡನ್ನು ಮಾತ್ರ ಮತ್ತೆ ಉಜ್ಜಬಾರದು.

ಈ ಕಂತು ನಮ್ಮ ಹಂಚಿಕೆಯ 1,400ಕ್ಕಿಂತ ಜಾಸ್ತಿ ಅಲ್ವಾ? ಹೌದು. ಆಗ ಉಳಿದವರ ಪಾಲು ಇಳಿಯುತ್ತದೆ, ಅವರ ಹತ್ತಿರ ಅವಧಿ ಉದ್ದ ಮಾಡಿಸಬೇಕಾಗುತ್ತದೆ. ಪ್ರಮಾಣದ ಹಂಚಿಕೆ ಮಾತು ಶುರು ಮಾಡೋಕೆ ಒಂದು ನ್ಯಾಯವಾದ ಅಳತೆ. ಮಾತು ಮುಗಿಯುವ ಹೊತ್ತಿಗೆ ಅಂಕಿ ಆಚೀಚೆ ಆಗಿಯೇ ಆಗುತ್ತದೆ.

ದರ ಹೋಲಿಸುವಾಗ ‘ಫ್ಲ್ಯಾಟ್’ ಬಡ್ಡಿಗೆ ಮೋಸಹೋಗಬೇಡಿ. ಒಂದು ಲಕ್ಷಕ್ಕೆ ಎರಡು ವರ್ಷ ಶೇ. 12 ಫ್ಲ್ಯಾಟ್ ಅಂದರೆ ನೀವು ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಕಟ್ಟುತ್ತಿದ್ದೀರಿ ಅಂತ ಅರ್ಥ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21 ಮೀರುತ್ತದೆ. 2024ರ ಅಕ್ಟೋಬರ್ 1ರಿಂದ ಹೊಸ ಸಾಲಕ್ಕೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ನೋಡಬೇಕಾದ ಅಂಕಿ ಅದು.

ಕಂತು ಮಳೆಗಾಲಕ್ಕೆ ಒಂದು, ಸುಗ್ಗಿಗೆ ಒಂದು

ತಿಂಗಳ ಕಂತನ್ನು ಕಂಡುಹಿಡಿದವರು ಸಂಬಳದ ಊರಿನವರು. ನಮ್ಮ ವರ್ಷ ಹಾಗಿಲ್ಲ. ಜೂನ್‌ನಲ್ಲಿ ಶಾಲೆ ಫೀಸು, ಅದರ ಬೆನ್ನಿಗೇ ಕೊಳೆಗೆ ಬೋರ್ಡೋ ದ್ರಾವಣ, ಔಷಧಿ ಹೊಡೆಯುವವರ ಕೂಲಿ. ಮಳೆ ಜೋರಾದರೆ ಎರಡನೇ ಸಲವೂ ಹೊಡೆಸಬೇಕು. ಕೂಲಿ ಕೆಲಸ ಸಿಗುವುದೂ ಕಡಿಮೆ. ದುಡ್ಡು ಕಾಣುವುದು ದೀಪಾವಳಿ ಕಳೆದು ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ.

ವರ್ಷವಿಡೀ ಒಂದೇ ಕಂತಿನ ಪ್ಲಾನಿಗೆ ಸಹಿ ಹಾಕಿದರೆ ಅದು ಮುರಿಯುವುದು ಬಹುಮಟ್ಟಿಗೆ ಆಷಾಢದಲ್ಲೇ. ಅದಕ್ಕೆ ಪ್ಲಾನಿನ ಆಕಾರವನ್ನೇ ಬದಲಿಸಿಕೊಳ್ಳಬೇಕು. ನಮ್ಮ ಮನೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 5,000, ಉಳಿದ ಎಂಟು ತಿಂಗಳು 7,000, ಫೆಬ್ರವರಿಯಲ್ಲಿ ತೋಟದ ಖರ್ಚು ಕಳೆದು ಉಳಿದ 40,000 ಒಟ್ಟಿಗೆ ಕಟ್ಟುತ್ತಾರೆ ಅನ್ನೋಣ. ವರ್ಷಕ್ಕೆ 1,16,000 ಆಯಿತು. ಬಡ್ಡಿ ನಿಂತರೆ ಎರಡೂವರೆ ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಸಾಲ ಮುಗಿಯುತ್ತದೆ. ಮಳೆಗಾಲದಲ್ಲಿ ಕಡಿಮೆ ಕಟ್ಟಿಯೂ 43 ತಿಂಗಳ ಪ್ಲಾನಿಗಿಂತ ಬೇಗ.

ಅಧಿಕಾರಿ ಇದನ್ನು ಒಪ್ಪುತ್ತಾರಾ? ಕಂಪ್ಯೂಟರ್ ತಿಂಗಳ ಕಂತನ್ನೇ ಕೇಳುತ್ತದೆ ಅನ್ನಬಹುದು. ಆಗ ಚಿಕ್ಕ ತಿಂಗಳ ಕಂತಿಗೆ ಒಪ್ಪಿಕೊಂಡು, ಸುಗ್ಗಿಯಲ್ಲಿ ಅಸಲಿಗೆ ಹೆಚ್ಚುವರಿ ಕಟ್ಟಲು ಅವಕಾಶ ಕೇಳಿ. ಅದಕ್ಕೆ ದಂಡ ಇದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಇದೆ.

ಬ್ಯಾಂಕಿಗೆ ಏನಂತ ಬರೆಯುವುದು?

ಬಾಯಿಮಾತು ಸಾಲದು. ಇಷ್ಟು ಬರೆದರೆ ಸಾಕು:

‘ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಈ ವರ್ಷ ಫಸಲು ಕಡಿಮೆಯಾಗಿ ಕಂತು ಪೂರ್ತಿ ಕಟ್ಟಲು ಆಗುತ್ತಿಲ್ಲ. ನನ್ನ ಆದಾಯ, ಮನೆ ಖರ್ಚು ಮತ್ತು ಎಲ್ಲ ಸಾಲಗಳ ಪಟ್ಟಿ ಲಗತ್ತಿಸಿದ್ದೇನೆ. ತಿಂಗಳಿಗೆ 3,500 ರೂ. ಕಟ್ಟಬಲ್ಲೆ, ಫೆಬ್ರವರಿಯಲ್ಲಿ ಹೆಚ್ಚುವರಿ ಕಟ್ಟುತ್ತೇನೆ. ಬಡ್ಡಿ ಇಳಿಸಿ, ಅವಧಿ ವಿಸ್ತರಿಸಿ ಸಾಲವನ್ನು ಮರುಹೊಂದಾಣಿಕೆ ಮಾಡಿಕೊಡಬೇಕಾಗಿ ಕೋರುತ್ತೇನೆ. ನಿಮ್ಮ ತೀರ್ಮಾನವನ್ನು ಬರಹದಲ್ಲಿ ತಿಳಿಸಿ.’

ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇದನ್ನು ಕಂತು ತಪ್ಪುವ ಮೊದಲೇ ಕೊಟ್ಟರೆ ಒಳ್ಳೆಯದು. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಹೋಗುತ್ತದೆ. ಆಮೇಲೆ ಮಾತಾಡುವವರು ಬೇರೆ, ಮಾತಿನ ಧಾಟಿಯೂ ಬೇರೆ.

ಆಟೋ ಡೆಬಿಟ್ ವಿಷಯವನ್ನೂ ಅದೇ ದಿನ ಕೇಳಿ. ಖಾತೆಯಲ್ಲಿ ದುಡ್ಡಿಲ್ಲದೆ ಅದು ಬೌನ್ಸ್ ಆದರೆ ಶುಲ್ಕ ಬೀಳುತ್ತದೆ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಅದು ಸಿವಿಲ್ ವಿಷಯ. ಆದರೆ ಚೆಕ್ ಬೌನ್ಸಿನ ಹಾಗೆ ಆಟೋ ಡೆಬಿಟ್ ಬೌನ್ಸಿಗೂ ಕ್ರಿಮಿನಲ್ ಕೇಸು ಹಾಕಲು 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಸಾಲ ಇರುವ ಬ್ಯಾಂಕಿನಲ್ಲೇ ಸಂಬಳದ ಖಾತೆಯೂ ಇದ್ದರೆ ಬ್ಯಾಂಕು ಬಾಕಿಗೆ ಅಂತ ಆ ಹಣವನ್ನು ಹಿಡಿದುಕೊಳ್ಳುವ ಸಾಧ್ಯತೆಯೂ ಇರುತ್ತದೆ.

ಒಬ್ಬರೇ ಹೋಗೋಕೆ ಅಳುಕಿದ್ದರೆ ಬ್ಯಾಂಕುಗಳು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರಗಳಿವೆ, ಸಲಹೆಗೆ ದುಡ್ಡಿಲ್ಲ. ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ಹತ್ತಿರದ ಕೇಂದ್ರ ಎಲ್ಲಿದೆ ಅಂತ ಹೇಳುತ್ತಾರೆ. ವಿಷಯ ಕೋರ್ಟಿನ ಹತ್ತಿರ ಬಂದಿದ್ದರೆ ಲೋಕ ಅದಾಲತ್ ಇದೆ. ಕೇಸು ಹಾಕುವ ಮೊದಲೂ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ, ಕಟ್ಟಲಾಗದ ಅಂಕಿಗೆ ತಲೆಯಾಡಿಸಬೇಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100.

ಸಂಘದ ಸಾಲ ಮಾತ್ರ ಬೇರೆ ಜಾತಿಯದು

ಪುಸ್ತಕದ ನಿಯಮದಂತೆ ಸಂಘಕ್ಕೆ 933 ರೂ. ಅಂದೆವು. ಊರಲ್ಲಿ ಇದು ಅಷ್ಟು ಸುಲಭವಲ್ಲ. ಗುಂಪು ಜಾಮೀನಿನ ಸಾಲದಲ್ಲಿ ಒಬ್ಬರು ಕಡಿಮೆ ಕಟ್ಟಿದರೆ ಉಳಿದವರು ತುಂಬಬೇಕಾಗುತ್ತದೆ. ಕಾರ್ಡಿನ ಕಂಪನಿ ದೂರದ ಊರಲ್ಲಿದೆ. ಸಂಘದ ಅಕ್ಕ ಪಕ್ಕದ ಮನೆಯಲ್ಲೇ ಇದ್ದಾರೆ, ನಾಳೆ ಬಾವಿಕಟ್ಟೆಯಲ್ಲಿ ಸಿಗುತ್ತಾರೆ. ಹಾಗಾಗಿ ಎಷ್ಟೋ ಮನೆಗಳು ಸಂಘಕ್ಕೆ ಪೂರ್ತಿ ಕಟ್ಟಿ ಕಾರ್ಡನ್ನು ಕಾಯಿಸುತ್ತವೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಆದರೆ ಅದನ್ನು ಪಟ್ಟಿಯಲ್ಲಿ ಮುಚ್ಚಿಡದೆ ಹಾಗೇ ಬರೆಯಿರಿ. ಬ್ಯಾಂಕಿನವರು ಕೇಳಿದರೆ ಕಾರಣ ಹೇಳಬಹುದು.

ಮೈಕ್ರೋಫೈನಾನ್ಸ್ ಸಂಸ್ಥೆಗೂ ಮಿತಿ ಇದೆ. ವರ್ಷಕ್ಕೆ 3 ಲಕ್ಷ ರೂ.ವರೆಗೆ ಆದಾಯವಿರುವ ಮನೆಗೆ ಇಂಥ ಸಾಲ ಕೊಡುವಾಗ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ನಮ್ಮ ಮನೆಯಲ್ಲಿ 22,000ಕ್ಕೆ 16,100. ತೋಟದ ಆದಾಯವನ್ನು ತಿಂಗಳಿಗೆ ಹಂಚಿ ಸೇರಿಸಿದರೂ ಅರ್ಧ ದಾಟುತ್ತದೆ. ಈ ಸ್ಥಿತಿಯಲ್ಲಿರುವ ಮನೆಗೆ ಯಾರಾದರೂ ಹೊಸ ಸಂಘದ ಸಾಲ ಕೊಡಲು ಮುಂದೆ ಬಂದರೆ ಅವರು ನಿಯಮ ನೋಡಿಲ್ಲ ಅಂತಲೇ ತಿಳಿಯಬೇಕು.

ಚಿನ್ನ ಇಟ್ಟು ಎಲ್ಲ ತೀರಿಸಿದರೆ?

ಇದು ಮಲೆನಾಡಿನ ಮನೆಗಳಲ್ಲಿ ಮೊದಲು ಬರುವ ಯೋಚನೆ. ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಗಿಂತ ಎಷ್ಟೋ ಕಡಿಮೆ, ಲೆಕ್ಕ ಸರಿಯೇ. ಆದರೆ ಅಡಮಾನವಿಲ್ಲದ ಸಾಲವನ್ನು ನೀವು ಅಡಮಾನದ ಸಾಲ ಮಾಡಿಕೊಂಡಿರಿ. ನಾಳೆ ಕಟ್ಟಲಾಗದಿದ್ದರೆ ಈಗ ಫೋನು ಬರುವ ಜಾಗದಲ್ಲಿ ಆಗ ಹರಾಜಿನ ನೋಟೀಸು ಬರುತ್ತದೆ. ಆ ಒಡವೆ ಸಾಮಾನ್ಯವಾಗಿ ಸಾಲ ಮಾಡಿದವರದ್ದಲ್ಲ, ಅವರ ಹೆಂಡತಿಯದ್ದೋ ಅಮ್ಮನದ್ದೋ ಆಗಿರುತ್ತದೆ. ಹೊಸ ಕಂತು ಉಳಿತಾಯದೊಳಗೆ ಬರುತ್ತದೆ, ಹಳೆ ಕಾರ್ಡು ರದ್ದಾಗುತ್ತದೆ ಅನ್ನುವುದು ಖಚಿತವಿದ್ದರೆ ಮಾತ್ರ ಈ ದಾರಿ.

ಸೆಟ್ಲ್‌ಮೆಂಟ್ ಮತ್ತು ಪ್ಲಾನ್ ಒಂದೇ ಅಲ್ಲ

ಪ್ಲಾನಿನಲ್ಲಿ ಅಸಲು ಪೂರ್ತಿ ಕಟ್ಟುತ್ತೀರಿ, ನಿಧಾನವಾಗಿ. ಸೆಟ್ಲ್‌ಮೆಂಟ್, ಅಂದರೆ ಒಂದೇ ಸಲದ ರಾಜಿಯಾದ ಓಟಿಎಸ್‌ನಲ್ಲಿ ಒಂದಿಷ್ಟು ದುಡ್ಡು ಒಟ್ಟಿಗೆ ಕಟ್ಟಿ ಉಳಿದದ್ದನ್ನು ಬಿಡಿಸಿಕೊಳ್ಳುತ್ತೀರಿ. ಕೇಳೋಕೆ ಎರಡನೆಯದು ಚೆನ್ನಾಗಿದೆ. ಬೆಲೆ ಆಮೇಲೆ ಗೊತ್ತಾಗುತ್ತದೆ. ಕ್ರೆಡಿಟ್ ವರದಿಯಲ್ಲಿ, ಅಂದರೆ ನಿಮ್ಮ ಸಾಲಗಳ ಚರಿತ್ರೆಯಲ್ಲಿ, ‘ಕ್ಲೋಸ್ಡ್’ ಅಂತ ಬರುವ ಬದಲು ‘ಸೆಟಲ್ಡ್’ ಅಂತ ಬರುತ್ತದೆ. ಮುಂದೆ ಮನೆ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಹೋದಾಗ ಆ ಒಂದು ಪದ ಅಡ್ಡ ನಿಲ್ಲುತ್ತದೆ. ಹೀಗೆ ರಾಜಿಯಾದವರಿಗೆ ಅದೇ ಬ್ಯಾಂಕು ಕೃಷಿ ಸಾಲ ಬಿಟ್ಟು ಬೇರೆ ಹೊಸ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು ಅಂತ 2023ರ ಜೂನ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ.

ಮರುಹೊಂದಾಣಿಕೆಯೂ ವರದಿಯಲ್ಲಿ ಕಾಣುತ್ತದೆ, ಸ್ಕೋರ್ ಇಳಿಯಬಹುದು. ಸೆಟ್ಲ್‌ಮೆಂಟಿನಷ್ಟು ಪೆಟ್ಟಲ್ಲ, ಆದರೆ ಏನೂ ಆಗುವುದಿಲ್ಲ ಅಂತಲೂ ಅಲ್ಲ.

ಫೋನು ಕರೆಗಳು, ಮತ್ತು ‘ನಾವು ಬಿಡಿಸಿಕೊಡ್ತೀವಿ’ ಅನ್ನುವವರು

ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಮೈಕ್ರೋಫೈನಾನ್ಸಿನವರಿಗೆ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರೊಳಗೆ. ಬೈಯುವುದು, ನೆಂಟರಿಷ್ಟರಿಗೆ ಫೋನು ಮಾಡಿ ಮಾನ ಕಳೆಯುವುದು ಯಾರಿಗೂ ಸಲ್ಲದು. ಮೊದಲು ಆ ಸಂಸ್ಥೆಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದದ್ದು ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448. ಆ್ಯಪಿನವರು ಫೋಟೋ ತಿರುಚಿ ಬೆದರಿಸಿದರೆ ಅದು ಸೈಬರ್ ಅಪರಾಧ, 1930ಕ್ಕೆ ಕರೆ ಮಾಡಿ.

ಇನ್ನೊಂದು ಗುಂಪು ಇದೆ. ‘ಕಂತು ಕಟ್ಟೋದು ನಿಲ್ಲಿಸಿ, ನಮಗೆ ಫೀಸು ಕೊಡಿ, ಸಾಲ ಅರ್ಧಕ್ಕೆ ಇಳಿಸ್ತೀವಿ’ ಅನ್ನುವವರು. ಇವರು ಕೆಲಸ ಮಾಡುವ ಮೊದಲೇ ದುಡ್ಡು ಕೇಳುತ್ತಾರೆ. ನಿಲ್ಲಿಸಿದ ಕಂತಿನ ದಂಡ ನಿಮ್ಮ ತಲೆಗೆ, ಫೀಸು ಅವರ ಜೇಬಿಗೆ. ಸಾಲ ಮನ್ನಾ ಪ್ರಮಾಣಪತ್ರ ಕೊಡುತ್ತೇವೆ ಅಂತ ಶುಲ್ಕ ಎತ್ತುವವರ ಬಗ್ಗೆ 2023ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಅಂಥ ಪತ್ರ ಕೊಡುವ ಅಧಿಕಾರ ಅವರಿಗಿಲ್ಲ.

ಕೊನೆಯ ಕಂತು ಕಟ್ಟಿದ ಮೇಲೆ

ಒಂದೊಂದು ಸಾಲ ಮುಗಿದಾಗಲೂ ಬೇಬಾಕಿ ಪತ್ರ ಕೇಳಿ ತಗೊಳ್ಳಿ. ಖಾಲಿ ಚೆಕ್ಕು ಕೊಟ್ಟಿದ್ದರೆ ವಾಪಸ್ ತನ್ನಿ. ಕೈಸಾಲಕ್ಕೆ ಪ್ರೋನೋಟು ಬರೆದಿದ್ದರೆ ಅದನ್ನೂ ತನ್ನಿ, ಭಾವನೇ ಆದರೂ. ಮುಗಿದ ಸಾಲದ ಪಾಲನ್ನು ಅದೇ ತಿಂಗಳಿಂದ ಉಳಿದ ಸಾಲಗಳಿಗೆ ಹಂಚಿ. ಇಲ್ಲದಿದ್ದರೆ ಆ ದುಡ್ಡು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಾಲ್ಕು ಸಂಸ್ಥೆಗಳಿವೆ. ಒಂದೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ತೀರಿದ ಸಾಲ ಇನ್ನೂ ಬಾಕಿ ಅಂತಲೇ ತೋರಿಸುತ್ತಿದ್ದರೆ ಬೇಬಾಕಿ ಪತ್ರ ಲಗತ್ತಿಸಿ ದೂರು ಹಾಕಿ. 30 ದಿನದೊಳಗೆ ಅದು ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂ. ಪರಿಹಾರ ನಿಮಗೆ ಬರಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ದೂರು ಹಾಕಿದ ತಾರೀಖನ್ನು ಬೇಬಾಕಿ ಪತ್ರದ ಹಿಂದೆಯೇ ಬರೆದಿಟ್ಟುಕೊಳ್ಳಿ.